ಪರದೆಗೆ ಒಂದೇ ಕಣ್ಣು

ನಾಸಿಕ್‌ನ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುತ್ತೇನೆ, ಅದರಲ್ಲೂ ಹಳೇ ಕಾಲದ್ದನ್ನು. ಮನೆ, ಮರ, ಲೋಟ, ಮನುಷ್ಯ ಎಲ್ಲವನ್ನೂ ಉದ್ದ, ಅಗಲ, ಆಳಗಳ ಸಮೇತ ಚಪ್ಪಟೆ ಪರದೆಯ ಮೇಲೆ ಮೊದಮೊದಲು ಹೇಗೆ ಮೂಡಿಸಿದರು, ಈಗಿನ ಮೊಬೈಲಿಗೆ ಹೋಲಿಸಿದರೆ ಆಟಿಕೆ ಎನ್ನಬಹುದಾದ ಯಂತ್ರಗಳಲ್ಲಿ ಏನೇನು ಉಪಾಯ ಹೂಡಿದರು ಎನ್ನುವುದು ನನ್ನ ಪಾಠ. ಪ್ರತಿ ವರ್ಷ ಮೊದಲ ತರಗತಿಯಲ್ಲೇ ಒಬ್ಬರಾದರೂ ಕೈ ಎತ್ತುತ್ತಾರೆ. "ಮ್ಯಾಡಂ, ಹೇ ಸಗಳಂ ಆತಾ ಎಂಜಿನಚ ಕರತಂ ನಾ?" ಇದೆಲ್ಲ ಈಗ ಎಂಜಿನ್ ಎಂಬ ಸಿದ್ಧ ಸಾಫ್ಟ್‌ವೇರೇ ಮಾಡುತ್ತದಲ್ಲ, ನಮಗ್ಯಾಕೆ ಎಂದು ಅರ್ಥ. ನನಗೆ ಪಿತ್ತ ನೆತ್ತಿಗೇರುತ್ತದೆ. ಎಂಜಿನ್ ಮಾಡುತ್ತದಂತೆ! ಗ್ರೈಂಡರ್ ರುಬ್ಬುತ್ತದೆ ಎಂದು ಉದ್ದಿಗೆ ಎಷ್ಟು ನೀರೆಂದು ತಿಳಿಯದವಳು ಇಡ್ಲಿ ಹೋಟೆಲು ಹಾಕಿದ ಹಾಗೆ ಎಂದು ಬೈಯುತ್ತೇನೆ. ನಾನು ಹೋಟೆಲಿನವರ ಮಗಳು, ನನ್ನ ಬೈಗುಳಗಳೆಲ್ಲ ಅಡುಗೆಮನೆಯಿಂದಲೇ ಬರುತ್ತವೆ.

ಮೊದಲು ಬಂದದ್ದು ತಂತಿಚಿತ್ರ. ವಸ್ತುವಿನ ಅಂಚುಗಳನ್ನು ಮಾತ್ರ ಗೆರೆಯಾಗಿ ಎಳೆಯುವುದು. ಪೆಟ್ಟಿಗೆಯೊಂದನ್ನು ಹಾಗೆ ಬರೆದರೆ ಆಚೆ ಬದಿಯ ಗೆರೆಯೂ ಕಾಣುತ್ತದೆ, ಈಚೆ ಬದಿಯದೂ ಕಾಣುತ್ತದೆ. ನೋಡುತ್ತ ಕೂತರೆ ಪೆಟ್ಟಿಗೆ ಕಣ್ಣೆದುರೇ ಮಗುಚಿಕೊಳ್ಳುತ್ತದೆ. ಅದಕ್ಕೆ ಬಣ್ಣಗಾರನ ಪದ್ಧತಿ ಎಂಬ ಮದ್ದು ಕಂಡುಹಿಡಿದರು. ದೂರದ್ದನ್ನು ಮೊದಲು ಬಳಿ, ಹತ್ತಿರದ್ದನ್ನು ಅದರ ಮೇಲೆ ಬಳಿ. ಮುಚ್ಚಬೇಕಾದದ್ದು ತಾನಾಗಿ ಮುಚ್ಚಿಹೋಗುತ್ತದೆ. ತರಗತಿಯಲ್ಲಿ ಇದನ್ನು "ಮಾಗಚಂ ಆಧಿ, ಪುಢಚಂ ನಂತರ" ಎಂದು ಮರಾಠಿಯಲ್ಲಿ ಹೇಳಿ ಹೇಳಿ ನನಗದು ಮಂತ್ರವಾಗಿಬಿಟ್ಟಿದೆ. ಹಿಂದಿನದು ಮೊದಲು, ಮುಂದಿನದು ಆಮೇಲೆ.

ಅಷ್ಟಾದ ಮೇಲೆ ಬೆಳಕಿಗೆ ತಕ್ಕಂತೆ ವಸ್ತುವಿನ ಒಂದೊಂದು ಬದಿಗೆ ಒಂದೊಂದೇ ಬಣ್ಣ ಹಚ್ಚಿದರು. ಚೆಂಡಿನಂಥ ಉರುಟು ವಸ್ತು ಕೂಡ ಕತ್ತಿಯಿಂದ ಕೆತ್ತಿದಂತೆ ಪಟ್ಟೆ ಪಟ್ಟೆ ಕಾಣುತ್ತಿತ್ತು. ಮೂಲೆಯಿಂದ ಮೂಲೆಗೆ ಬಣ್ಣವನ್ನು ನಯವಾಗಿ ಕರಗಿಸುವುದು ಗೊತ್ತಾದ ಮೇಲೆ ಉರುಟು ಉರುಟಾಯಿತು. ದೂರದ ಗುಡ್ಡವನ್ನು ಮಂಜಿನಲ್ಲಿ ಮಸುಕು ಮಾಡಿದರು. ನೆಲಕ್ಕೆ ಚೌಕ ಚೌಕ ಹಾಸಿದರು, ಚೌಕ ಕಿರಿದಾದಷ್ಟೂ ಜಾಗ ದೂರ ಎಂದು ತಿಳಿಯಲಿ ಎಂದು. ಕಂಪ್ಯೂಟರ್ ಆಟದಲ್ಲಿ ಜಿಗಿಯುವ ಗೊಂಬೆಯ ಕಾಲಡಿಗೆ ಒಂದು ಕಪ್ಪು ನೆರಳಿನ ಬಿಲ್ಲೆ ಇಟ್ಟರು, ಅದು ಎಲ್ಲಿಗೆ ಇಳಿಯುತ್ತದೆಂದು ಆಡುವವರಿಗೆ ಗೊತ್ತಾಗಲಿ ಎಂದು.

ಇಷ್ಟೆಲ್ಲ ಒದ್ದಾಟ ಯಾಕೆ? ನಮಗೆ ಎರಡು ಕಣ್ಣು. ಎರಡೂ ಸ್ವಲ್ಪ ಬೇರೆ ಬೇರೆ ಚಿತ್ರ ಕಳಿಸುತ್ತವೆ, ತಲೆ ಎರಡನ್ನೂ ಕೂಡಿಸಿ ಆಳ ಅಳೆಯುತ್ತದೆ. ಪರದೆಗೆ ಆ ಭಾಗ್ಯ ಇಲ್ಲ. ಪರದೆಗೆ ಒಂದೇ ಕಣ್ಣು. ಹಳಬರು ಮಾಡಿದ್ದೆಲ್ಲ ಒಕ್ಕಣ್ಣಿಗೆ ಆಳ ಕಾಣಿಸುವ ಉಪಾಯ. ಈ ಮಾತನ್ನು ನಾನು ವರ್ಷ ವರ್ಷವೂ ಹೇಳಿದ್ದೇನೆ, ಆದರೆ ಅದು ನಮ್ಮ ಮನೆಗೇ ಬೇಕಾಗುತ್ತದೆಂದು ಎಣಿಸಿರಲಿಲ್ಲ.

ನನ್ನ ಅಣ್ಣನದು ಛತ್ರಪತಿ ಸಂಭಾಜಿನಗರದಲ್ಲಿ ಹೋಟೆಲು. ಉಡುಪಿ ಕಡೆಯಿಂದ ಬಂದ ನಮ್ಮ ಅಪ್ಪ ಹಾಕಿದ್ದು, ಶೇಂದ್ರಾದ ಕಾರ್ಖಾನೆಗಳಿಗೆ ಹೋಗುವ ರಸ್ತೆಯಲ್ಲಿದೆ. ಅತ್ತಿಗೆ ಗಲ್ಲಾದಲ್ಲಿ ಕೂರುತ್ತಾಳೆ, ಅಣ್ಣ ಕಾಫಿ ಕಟ್ಟೆಯ ಹಿಂದೆ ನಿಲ್ಲುತ್ತಾನೆ. ಚಹಾದ ಊರಿನಲ್ಲಿ ಜನರಿಗೆ ಕಾಫಿ ರುಚಿ ಹತ್ತಿಸಿದವನು ಅವನು. ಬಲಗೈಯ ಪಾತ್ರೆಯನ್ನು ತಲೆಯ ಮಟ್ಟಕ್ಕೆ ಎತ್ತಿ, ಎಡಗೈಯ ಲೋಟವನ್ನು ಸೊಂಟಕ್ಕೆ ಇಳಿಸಿ, ಹಗ್ಗ ಬಿಟ್ಟಂತೆ ಕಾಫಿ ಸುರಿಯುತ್ತಿದ್ದ. ಒಂದು ತೊಟ್ಟು ಆಚೀಚೆ ಹೋಗುತ್ತಿರಲಿಲ್ಲ. ಅದನ್ನು ನೋಡಲೆಂದೇ ಕೆಲವರು ಕಟ್ಟೆಯ ಹತ್ತಿರ ನಿಂತು ಕುಡಿಯುತ್ತಿದ್ದರು, ಖಾಲಿ ಕುರ್ಚಿ ಇದ್ದರೂ.

ದೀಪಾವಳಿಯ ಹೊತ್ತಿಗೆ ಅವನ ಬಲಗಣ್ಣಿನೊಳಗೆ ರಕ್ತ ಕಟ್ಟಿಕೊಂಡು ದೃಷ್ಟಿ ಹೋಯಿತು. ಹೊರಗಿನಿಂದ ನೋಡಿದರೆ ಕಣ್ಣು ಮೊದಲಿನ ಹಾಗೇ ಇದೆ. ಎಡಗಣ್ಣು ಚೆನ್ನಾಗಿದೆ, ದೂರ ಹತ್ತಿರದ ಅಂದಾಜು ಕೆಲವು ತಿಂಗಳಲ್ಲಿ ತಾನಾಗಿ ಕುದುರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಣ್ಣ ಹೂಂ ಎಂದು ಕಟ್ಟೆಗೆ ಮರಳಿದ. ಕಾಫಿ ಲೋಟದ ಅಂಚಿಗೆ ತಾಗಿ ಚೆಲ್ಲತೊಡಗಿತು. ಒಂದು ದಿನ ಮೇಸ್ತ್ರಿಯ ಕೈ ಮೇಲೆ ಬಿತ್ತು. ಈ ಮೇಸ್ತ್ರಿ ವಿಜಯಪುರ ಕಡೆಯವರು, ಶೇಂದ್ರಾದಲ್ಲಿ ಗೋಡೆ ಕಟ್ಟುವ ಕೆಲಸ, ದಿನಾ ಬೆಳಿಗ್ಗೆ ಕಾಫಿಗೆ ಬರುತ್ತಾರೆ. ಕುದಿಯುವ ಕಾಫಿ ಬಿದ್ದರೂ ಅವರು ಕೈ ಒರೆಸಿಕೊಂಡು, "ಏ, ಏನಾಗಿಲ್ಲ ಬಿಡ್ರೀ ಸಾವ್ಕಾರ್ರ, ಸಿಮೆಂಟಿನ ಕೈ ಇದು, ಬಿಸಿ ಹತ್ತಂಗಿಲ್ಲ," ಎಂದರಂತೆ. ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದನೋ ಏನೋ. ಅವರು ಬೈಯಲಿಲ್ಲ ಎನ್ನುವುದೇ ಅವನಿಗೆ ಚುಚ್ಚಿತು. ಅಂದೇ ಕಟ್ಟೆಯಿಂದ ಇಳಿದುಬಿಟ್ಟ.

ಬೇಸಿಗೆ ರಜೆ ಶುರುವಾದ ದಿನ ಅತ್ತಿಗೆಯ ಫೋನು ಬಂತು. "ನಿನ್ನ ಅಣ್ಣ ಹೋಟೆಲು ಬಿಡ್ತಾರಂತೆ ಮಾರಾಯ್ತಿ. ನಾಸಿಕ್‌ನ ಒಂದು ಪಾರ್ಟಿಗೆ ದಲ್ಲಾಳಿ ಮೂಲಕ ಮಾತು ಕೊಟ್ಟಾಗಿದೆ, ಬರುವ ತಿಂಗಳು ಮೊದಲ ಭಾನುವಾರ ನೋಡ್ಲಿಕ್ಕೆ ಬರ್ತಾರಂತೆ. ಬಿಟ್ಟು ಎಂತ ಮಾಡುದು ಕೇಳಿದ್ರೆ ಮನೆಯಲ್ಲಿ ಕೂತ್ಕೊಳ್ಳುದಂತೆ. ಆ ಮನುಷ್ಯ ಮನೆಯಲ್ಲಿ ಕೂತ್ರೆ ನಾನು ಉಳಿಯುದುಂಟಾ, ಅವರು ಉಳಿಯುದುಂಟಾ? ನೀನೊಮ್ಮೆ ಬಾ." ನಾನು ಚೀಲ ತುಂಬಿದೆ.

ನಾಸಿಕ್‌ನಿಂದ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡೆ. ಅಣ್ಣನಿಗೆ ಏನು ಕಾಣುತ್ತದೆ ಎಂದು ತಿಳಿಯದೆ ಅವನಿಗೆ ಬುದ್ಧಿ ಹೇಳಲು ಹೋಗುವುದು ನನಗೆ ಹಿಡಿಸದು. ಪಕ್ಕದ ಹೆಂಗಸು ಹೆದರಿ, "ಡೋಳೆ ಆಲೇತ ಕಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಿಂದಿನ ಸೀಟಿಗೆ ಹೋದಳು. ನನಗೆ ಅಂಟುವ ಕಣ್ಣುಬೇನೆ ಎಂದು ತಿಳಿದಳು, ಪಾಪ. ಒಳ್ಳೆಯದೇ ಆಯಿತು, ಕಾಲು ಚಾಚಲು ಜಾಗ ಸಿಕ್ಕಿತು.

ಲಾಸಲಗಾಂವ್ ಕಡೆಗೆ ಹೋಗುವ ಈರುಳ್ಳಿ ಟ್ರ್ಯಾಕ್ಟರುಗಳು ರಸ್ತೆ ತುಂಬ ಇದ್ದವು. ಹತ್ತಿರದ ಜಾಲಿ ಗಿಡ ಓಡಿಹೋಗುತ್ತಿತ್ತು, ಆಚೆಯ ದಾಳಿಂಬೆ ತೋಟ ನಿಧಾನವಾಗಿ ಸರಿಯುತ್ತಿತ್ತು, ದೂರದ ಬೆಟ್ಟ ನಮ್ಮ ಜೊತೆಗೇ ಬರುತ್ತಿತ್ತು. ಬಸ್ಸು ಓಡುವಾಗ ಒಂದೇ ಕಣ್ಣಿಗೂ ಎಲ್ಲ ಸರಿಯಾಗಿ ಕಂಡಿತು. ಯೇವಲಾದಲ್ಲಿ ಬಸ್ಸು ನಿಂತಿತು, ಚಹಾ ತಗೊಳ್ಳಲು ಕೈ ಚಾಚಿದೆ, ಕೈ ಕಪ್ಪಿನ ಈಚೆಗೇ ಗಾಳಿಯನ್ನು ಹಿಡಿಯಿತು. ಚಹಾದವನು ನಕ್ಕ. ನನಗೆ ನಗು ಬರಲಿಲ್ಲ. ಅಣ್ಣ ಈ ಕೈಯಲ್ಲೇ ದೀಪಾವಳಿಯಿಂದ ಬದುಕಿದ್ದಾನಲ್ಲ ಎಂದುಕೊಂಡೆ.

ಹೋಟೆಲಿಗೆ ಕಾಲಿಟ್ಟಾಗ ಅಣ್ಣ ಮೂಲೆಯ ಮೇಜಿನಲ್ಲಿ ಗಿರಾಕಿಯ ಹಾಗೆ ಕೂತು ಪೇಪರು ಓದುತ್ತಿದ್ದ. ಕಟ್ಟೆಯಲ್ಲಿ ಅಡುಗೆಯವನು ಲೋಟದಲ್ಲಿ ಚಮಚ ಕುಲುಕುತ್ತಿದ್ದ, ಅದೂ ಒಂದು ಕಾಫಿಯಂತೆ.

"ಬಂದ್ಯಾ? ಅತ್ತಿಗೆ ಕರೆಸಿದ್ಲಾ?" ಎಂದ.

"ಕರೆಸಿದ್ಲು. ನಿಂಗೆ ಮಂಡೆ ಸಮ ಉಂಟಾ? ಕಣ್ಣು ಒಂದು ಹೋದ್ರೆ ಹೋಟೆಲೇ ಬಿಟ್ಟುಕೊಡುದಾ?"

"ನಿಂಗೆ ಹೇಳ್ಲಿಕ್ಕೆ ಸುಲಭ. ಲೋಟ ಎಲ್ಲುಂಟು ಅಂತ್ಲೇ ನಂಗೆ ಗೊತ್ತಾಗುದಿಲ್ಲ. ಇವತ್ತು ಮೇಸ್ತ್ರಿಯ ಕೈ, ನಾಳೆ ಯಾರದ್ದೋ ಮಗುವಿನ ಮುಖ. ಆಮೇಲೆ ನೀನು ಬರ್ತೀಯಾ ಜವಾಬಿಗೆ?"

ಸುಮ್ಮನಿರುವ ಜಾತಿ ನನ್ನದಲ್ಲ. "ಆ ಪಾರ್ಟಿ ಬರುವ ಭಾನುವಾರದವರೆಗೆ ನಾನು ಹೇಳಿದ ಹಾಗೆ ಕೇಳು. ಬರೀ ತಣ್ಣೀರು. ಆಮೇಲೂ ಆಗುದಿಲ್ಲ ಅಂದ್ರೆ ಕೊಟ್ಟುಬಿಡು, ನಾನೇ ಬಂದು ಬೀಗದ ಕೈ ಒಪ್ಪಿಸ್ತೇನೆ," ಎಂದೆ. ಅವನು ಪೇಪರು ಮಡಚಿದ. ಅಷ್ಟು ಸಾಕಾಯಿತು.

ನಾನು ಮೊದಲು ನೋಡಿದ್ದು ಬೆಳಕನ್ನು. ಕಟ್ಟೆಯ ಮೇಲೆ ಸಾಲಾಗಿ ಟ್ಯೂಬ್‌ಲೈಟು, ಎಲ್ಲ ದಿಕ್ಕಿನಿಂದಲೂ ಬೆಳಕು. ನೆರಳೆಂಬುದೇ ಇಲ್ಲ. ಸ್ಟೀಲು ಕಟ್ಟೆ, ಅದರ ಮೇಲೆ ಸ್ಟೀಲು ಲೋಟ, ಅದಕ್ಕೆ ಸುರಿಯಲು ಸ್ಟೀಲು ಪಾತ್ರೆ. ಒಂದರೊಳಗೊಂದು ಹೊಳೆದು ಯಾವುದರ ಅಂಚು ಯಾವುದೆಂದು ನನ್ನ ಎರಡು ಕಣ್ಣಿಗೇ ಗಲಿಬಿಲಿಯಾಯಿತು. ಪರದೆಯಲ್ಲಿ ಯಾರಾದರೂ ವಿದ್ಯಾರ್ಥಿ ಇಂಥ ಚಿತ್ರ ಬರೆದು ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ. ಕಟ್ಟೆಯ ಮೇಲಿನ ಟ್ಯೂಬು ಆರಿಸಿ, ಎಡಬದಿಗೆ ಒಂದೇ ಬಲ್ಬು ಹಾಕಿಸಿದೆ. ಲೋಟಕ್ಕೆ ಒಂದು ಬದಿ ಬೆಳಕು, ಒಂದು ಬದಿ ಕತ್ತಲು ಬಂತು. ಲೋಟ ಉರುಟಾಯಿತು. ಪಾತ್ರೆಯ ಮೂತಿಯ ನೆರಳು ಕಟ್ಟೆಯ ಮೇಲೆ ಬಿತ್ತು.

ಗುಲ್ಮಂಡಿ ಪೇಟೆಗೆ ಹೋಗಿ ಕಪ್ಪು ಬಿಳಿ ಚೌಕದ ರೆಕ್ಸಿನ್ ಬಟ್ಟೆ ತಂದು ಕಟ್ಟೆಗೆ ಹಾಸಿದೆ. ಅತ್ತಿಗೆ ಗಲ್ಲಾದಿಂದಲೇ ಕೂಗಿದಳು. "ಇದೆಂತದ್ದು, ಗಿರಾಕಿಗಳು ಚೆಸ್ ಆಡ್ಲಿಕ್ಕಾ?"

"ಇದು ಆಡ್ಲಿಕ್ಕಲ್ಲ, ಅಳೀಲಿಕ್ಕೆ. ಲೋಟ ಯಾವ ಮನೆಯಲ್ಲಿ ಕೂತಿದೆ ಅಂತ ಒಂದೇ ಕಣ್ಣಿಗೂ ಗೊತ್ತಾಗ್ತದೆ," ಎಂದೆ.

ಹಾಗೆ ಅಭ್ಯಾಸ ಶುರುವಾಯಿತು. ಊಟದ ಹೊತ್ತು ಮುಗಿದು ಹೋಟೆಲು ಖಾಲಿಯಾದಾಗ ಅಣ್ಣ ಕಟ್ಟೆಯ ಹಿಂದೆ ನಿಂತು ತಣ್ಣೀರು ಸುರಿಯುತ್ತಿದ್ದ. ನೆರಳು ನೋಡು ಎಂದೆ. ಮೂತಿಯ ನೆರಳು ಬಂದು ಲೋಟದ ಬಾಯಿಗೆ ತಾಗಿದರೆ ಮೂತಿ ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಲೋಟದ ಅಂಚನ್ನು ಮೂತಿ ಮುಚ್ಚುತ್ತದೋ, ಮೂತಿಯನ್ನು ಲೋಟ ಮುಚ್ಚುತ್ತದೋ ನೋಡು ಎಂದೆ. ಸುರಿಯುವ ಮೊದಲು ತಲೆಯನ್ನು ಆಚೀಚೆ ಸ್ವಲ್ಪ ಆಡಿಸು ಎಂದೆ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಬಸ್ಸಿನ ಕಿಟಕಿ ನನಗೆ ಕಲಿಸಿದ್ದನ್ನು ಅವನಿಗೆ ಹೇಳಿದೆ. ಅವನು ತಲೆ ಆಡಿಸುವುದನ್ನು ಕಂಡ, ಮೂಲೆಯಲ್ಲಿ ತಡವಾಗಿ ತಿನ್ನುತ್ತಿದ್ದ ಒಬ್ಬ ಗಿರಾಕಿ, ತಾನು ಕೇಳಿದ ಹೆಚ್ಚಿನ ಚಟ್ನಿಗೆ ಒಪ್ಪಿಗೆ ಸಿಕ್ಕಿತೆಂದು ತಿಳಿದು ಸೀದಾ ಅಡುಗೆಮನೆಗೇ ಬಟ್ಟಲು ಹಿಡಿದು ನಡೆದ. ನಕ್ಕು ನಕ್ಕು ಅತ್ತಿಗೆಗೆ ಕೆಮ್ಮು ಬಂತು.

ದಿನದಿಂದ ದಿನಕ್ಕೆ ನೀರು ಚೆಲ್ಲುವುದು ಕಡಿಮೆಯಾಯಿತು. ಆದರೂ ನಡುವೆ ಒಮ್ಮೊಮ್ಮೆ ತಪ್ಪುತ್ತಿತ್ತು, ತಪ್ಪಿದಾಗಲೆಲ್ಲ ಅವನು ಲೋಟವನ್ನು ದೂಡಿ, "ಈಗಿನ ಲೋಟದ ಬಾಯಿಯೇ ಸಣ್ಣ," ಎನ್ನುತ್ತಿದ್ದ. "ಕುಣಿಯಲಾರದವ ನೆಲ ಡೊಂಕು ಅಂದನಂತೆ," ಎಂದು ನಾನು ಕಿಚಾಯಿಸುತ್ತಿದ್ದೆ. ಬಿಸಿ ಕಾಫಿ ಮುಟ್ಟು ಎಂದರೆ ಮಾತ್ರ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಗಿರಾಕಿ ಎದುರಿಗೆ ಬಂದರೆ ಕಟ್ಟೆಯಿಂದ ಇಳಿಯುತ್ತಿದ್ದ. ಕೈಯಲ್ಲಿ ವಿದ್ಯೆ ಬಂದಿದೆ, ಅವನಿಗೆ ನಂಬಿಕೆ ಬಂದಿಲ್ಲ ಎಂದು ನನಗೆ ಅನಿಸಿತು. ನಂಬಿಸುವುದಕ್ಕೆ ನನಗೆ ಗೊತ್ತಿದ್ದ ದಾರಿ ಒಂದೇ, ಲ್ಯಾಪ್‌ಟಾಪ್ ತೆರೆದೆ.

ಪಾರ್ಟಿ ಬರುವ ಭಾನುವಾರದ ಹಿಂದಿನ ಶುಕ್ರವಾರ ಬೆಳಿಗ್ಗೆಯಿಂದ ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅವನದೇ ಕಟ್ಟೆ, ಅದೇ ಚೌಕದ ಬಟ್ಟೆ, ಅವನು ನಿಲ್ಲುವ ಜಾಗದಿಂದ ಕಾಣುವ ಹಾಗೆ. ಮೇಲೆ ಎರಡು ಲೋಟ, ಒಂದು ಕೆಂಪು, ಒಂದು ನೀಲಿ. ಎಲ್ಲ ಹಳೇ ಪದ್ಧತಿ, ಪಟ್ಟೆ ಪಟ್ಟೆ ಬಣ್ಣ, ಬುಡಕ್ಕೆ ಕಪ್ಪು ನೆರಳಿನ ಬಿಲ್ಲೆ. ಗುಂಡಿ ಒತ್ತಿದರೆ ಲೋಟಗಳು ಜಾಗ ಬದಲಿಸುತ್ತವೆ. ಯಾವುದು ಎಲ್ಲಿದೆ ಎಂದು ಅವನು ಹೇಳಬೇಕು. ಪರದೆಗೆ ಒಂದೇ ಕಣ್ಣು, ಅವನಿಗೂ ಒಂದೇ ಕಣ್ಣು. ಎರಡು ಕಣ್ಣಿನ ನನಗಿಂತ ಅವನಿಗೆ ಇಲ್ಲಿ ನಷ್ಟ ಏನೂ ಇಲ್ಲ. ಎಲ್ಲವನ್ನೂ ಸರಿಯಾಗಿ ಹೇಳುತ್ತಾನೆ, ಧೈರ್ಯ ಬರುತ್ತದೆ ಎಂದು ನನಗೆ ಖಾತ್ರಿಯಿತ್ತು.

"ಯಾವುದು ಮುಂದೆ ಉಂಟು ಹೇಳು," ಎಂದೆ.

ನೀಲಿ ಲೋಟ ಕೆಂಪನ್ನು ಅರ್ಧ ಮುಚ್ಚಿ ನಿಂತಿತ್ತು. ಅಣ್ಣ ತಲೆ ಮುಂದೆ ಚಾಚಿ ನೋಡಿ, "ಕೆಂಪು," ಎಂದ.

ಎಲ್ಲೋ ಅವಸರ ಮಾಡಿದ ಎಂದುಕೊಂಡು ಇನ್ನೊಂದು ಒತ್ತಿದೆ. ಈ ಸಲ ಕೆಂಪು ಹತ್ತಿರ ಇತ್ತು, ದೊಡ್ಡದಾಗಿಯೂ ಇತ್ತು. "ನೀಲಿ ಮುಂದೆ," ಎಂದ. ಮತ್ತೊಂದು ಒತ್ತಿದೆ, ತಪ್ಪು. ಮತ್ತೊಂದು, ತಪ್ಪು. ಸುಲಭದ್ದು ತೆಗೆದೆ, ಮಗುವೂ ಹೇಳುವಂಥದ್ದು. ಅದೂ ತಪ್ಪು. ಅವನು ತಡವರಿಸಲೂ ಇಲ್ಲ, ಅಡುಗೆಯವನಿಗೆ ಆರ್ಡರು ಹೇಳುವ ಹಾಗೆ ಪಟಪಟನೆ ಹೇಳುತ್ತ ಹೋದ. ಯಾವುದು ಯಾವುದನ್ನು ಮುಚ್ಚಿದೆ ಎಂದೂ ಕಾಣದಿದ್ದರೆ ಇವನಿಗೆ ಕಣ್ಣಿನದಷ್ಟೇ ತೊಂದರೆಯಲ್ಲ, ತಲೆಯೊಳಗೇ ಏನೋ ಕೆಟ್ಟಿದೆ ಎಂದು ಹೆದರಿದೆ.

"ಸಮ ಹೇಳ್ತಿದ್ದೇನಾ?" ಎಂದು ಕೇಳಿದ. ಮುಖದಲ್ಲಿ ಆಸೆ ಇತ್ತು.

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಒಂದೂ ಸಮ ಆಗ್ಲಿಲ್ಲ," ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಅವನು ಎದ್ದು, ಕಟ್ಟೆಯ ಮೇಲಿನ ಚೌಕದ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿ ಒಳಗೆ ಹೋದ. ನಾನು ಅತ್ತಿಗೆಯ ಹತ್ತಿರ ಹೋಗಿ, "ಆ ಪಾರ್ಟಿ ಬರ್ಲಿ. ಕೊಟ್ಟುಬಿಡುದೇ ಒಳ್ಳೇದು," ಎಂದೆ. ನನ್ನ ಬಾಯಲ್ಲೇ ಆ ಮಾತು ಬಂತಲ್ಲ ಎಂದು ಅತ್ತಿಗೆ ನನ್ನನ್ನೇ ನೋಡಿದಳು.

ಮರುದಿನ ಬೆಳಿಗ್ಗೆ ಅಡುಗೆಯವನು ಬರುವುದು ತಡವಾಯಿತು. ಮೇಸ್ತ್ರಿ ಎಂದಿನಂತೆ ಬಂದು ಕಟ್ಟೆಯ ಎದುರು ನಿಂತರು. ಅಣ್ಣ ಕಟ್ಟೆಯ ಹಿಂದೆ ಲೋಟ ಜೋಡಿಸಿಡುತ್ತಿದ್ದ, ಅಷ್ಟೇ, ಸುರಿಯುವ ಮಾತೇ ಇರಲಿಲ್ಲ. ನಾನು ಪಕ್ಕದ ಮೇಜಿನಲ್ಲಿ ಕೂತಿದ್ದೆ. ದೊಡ್ಡ ಸಕ್ಕರೆ ಡಬ್ಬ ಅಡ್ಡ ಇತ್ತು.

"ಆ ಡಬ್ಬ ಸ್ವಲ್ಪ ಮುಂದೆ ಮಾಡಿ ಮೇಸ್ತ್ರಿಗಳೇ, ಲೋಟ ಇಡ್ಲಿಕ್ಕೆ ಜಾಗ ಇಲ್ಲ," ಎಂದ ಅಣ್ಣ.

ಮೇಸ್ತ್ರಿ ಡಬ್ಬವನ್ನು ಅಣ್ಣನ ಹೊಟ್ಟೆಯ ಕಡೆಗೆ ದೂಡಿದರು.

"ಅಯ್ಯೋ, ಮುಂದೆ ಅಂದೆ ಮಾರ್ರೆ, ಮುಂದೆ!"

"ಮುಂದ ಅಂದ್ರ ಯಾರ ಮುಂದ್ರೀ? ನಿಮ್ಮ ಮುಂದೋ, ನಮ್ಮ ಮುಂದೋ?"

"ಮುಂದೆ ಅಂದ್ರೆ ಮುಂದೆ. ಗಿರಾಕಿ ನಿಲ್ಲುವ ಕಡೆಗೆ," ಎಂದು ಅಣ್ಣ ತಾನೇ ಡಬ್ಬವನ್ನು ತನ್ನಿಂದ ದೂರಕ್ಕೆ ಸರಿಸಿದ.

ನಾನು ಕೂತಲ್ಲಿಂದ ಎದ್ದೆ. ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಕಟ್ಟೆಯ ಹಿಂದೆ ನಿಂತು ಬೆಳೆದವನಿಗೆ ಮುಂದೆ ಎಂದರೆ ಗಿರಾಕಿಯ ಕಡೆ, ತನ್ನಿಂದ ದೂರ. ಪರದೆಯೆದುರು ಕೂತು ತಲೆ ನರೆಸಿಕೊಂಡ ನನಗೆ ಮುಂದೆ ಎಂದರೆ ಉಳಿದುದನ್ನು ಮುಚ್ಚಿ ನನ್ನ ಹತ್ತಿರ ಬಂದದ್ದು. ನಾನು ಅವನಿಗೆ ತೋರಿಸಿದ್ದೂ ಅವನದೇ ಕಟ್ಟೆಯನ್ನು! ಅವನು ಕಟ್ಟೆಯ ಹಿಂದೆ ನಿಂತವನಾಗಿಯೇ ಉತ್ತರ ಹೇಳಿದ್ದ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಒಂದೂ ಬಿಡದೆ ಎಲ್ಲ ತಪ್ಪು ಎಂದರೆ, ಒಂದೂ ಬಿಡದೆ ಎಲ್ಲ ಸರಿ.

ಓಡಿಹೋಗಿ ಲ್ಯಾಪ್‌ಟಾಪ್ ತಂದು ಕಟ್ಟೆಯ ಮೇಲೆ ಇಟ್ಟೆ. "ಮುಂದೆ ಹಿಂದೆ ಎಲ್ಲ ಬಿಡು. ಯಾವ ಲೋಟ ನಿನ್ನ ಕೈಗೆ ಹತ್ತಿರ, ಅಷ್ಟು ಹೇಳು."

"ಕೆಂಪು."

ಕೆಂಪೇ ಹತ್ತಿರ ಇತ್ತು. "ಇದು?" "ನೀಲಿ." ಸರಿ. ನೆರಳಿನ ಬಿಲ್ಲೆ ತೆಗೆದುಹಾಕಿದೆ, ಸರಿ ಹೇಳಿದ. ಚೌಕ ಅಳಿಸಿದೆ, ಸರಿ ಹೇಳಿದ. ಎರಡು ಲೋಟದ ನಡುವೆ ಬೆರಳಗಲ ಅಂತರ ಉಳಿಸಿದೆ, ಅದನ್ನೂ ಹೇಳಿದ. ನನ್ನ ಕಣ್ಣು ತುಂಬಿ ನನಗೇ ಪರದೆ ಕಾಣದಾಯಿತು.

"ನಿನ್ನೆ ಒಂದೂ ತಪ್ಪು ಹೇಳ್ಲಿಲ್ಲ ನೀನು," ಎಂದೆ. "ಪೂರಾ ಸಮ. ನಾನು ಕೇಳಿದ್ದೇ ಅಡ್ಡ."

ಅಣ್ಣ ನನ್ನ ಮುಖ ನೋಡಿದ. "ಮತ್ತೆ ಇಡೀ ರಾತ್ರಿ ನನ್ನ ನಿದ್ದೆ ತೆಗೆದದ್ದು ಎಂತಕ್ಕೆ? ನೀನು ಕಾಲೇಜಿನಲ್ಲೂ ಹೀಗೇ ಕಲಿಸುದಾ?" ಎಂದು ಗದರಿದ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ಗದರಿದ್ದು. ನನಗೆ ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ಬೈದರೂ ಬೈಯಲಿ ಅನಿಸಿತು.

ಆಮೇಲೆ ಅಣ್ಣ ಡಿಕಾಕ್ಷನ್ ಪಾತ್ರೆಯ ಮುಚ್ಚಳ ತೆಗೆದ, ಹಾಲು ಬಿಸಿ ಇದೆಯೇ ಎಂದು ನೋಡಿದ. ಮೇಸ್ತ್ರಿ ಕಟ್ಟೆಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ, ಅದೇ ಸುಟ್ಟ ಕೈ. ಅಣ್ಣ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿ ಸುರಿದ. ತಲೆಯ ಮಟ್ಟದಿಂದಲ್ಲ, ಎದೆಯ ಮಟ್ಟದಿಂದ. ಕಾಫಿ ಲೋಟದೊಳಗೇ ಬಿತ್ತು, ನೊರೆ ಅಂಚಿಗೆ ಬಂದು ನಿಂತಿತು.

"ಈಗ ಬಂತ ನೋಡ್ರಿ ಕಾಫಿ," ಎಂದು ಮೇಸ್ತ್ರಿ ಲೋಟ ಎತ್ತಿಕೊಂಡರು. "ಇಷ್ಟ ದಿನ ಅದೇನೋ ಕುಲುಕಿ ಕೊಡ್ತಿದ್ರಪಾ, ಕುಡದ್ರ ಔಷಧ ಕುಡದಂಗ ಆಕ್ಕಿತ್ತು."

ಭಾನುವಾರ ಬೆಳಿಗ್ಗೆ ನಾಸಿಕ್‌ನ ಪಾರ್ಟಿ ಬಂದರು. ಅವರೂ ನಮ್ಮ ಕಡೆಯವರೇ, ಕರಾವಳಿಯವರು, ಅಲ್ಲಿ ಇಲ್ಲಿ ಹೋಟೆಲು ನಡೆಸಿ ಪಳಗಿದವರು. ಬಂದವರು ಯಾರೆಂದು ಹೇಳಿಕೊಳ್ಳದೆ ಕಟ್ಟೆಗೆ ಎದುರಿನ ಮೇಜಿನಲ್ಲಿ ಕೂತರು. ಅತ್ತಿಗೆಗೆ ದಲ್ಲಾಳಿ ತೋರಿಸಿದ ಫೋಟೋ ನೆನಪಿತ್ತು, ನನ್ನ ಕೈ ಚಿವುಟಿ ಹೇಳಿದಳು. ಅವರು ಇಡ್ಲಿ ತಿಂದರು, ಸಾಂಬಾರು ಮೂಸಿದರು, ಗೋಡೆ ನೋಡಿದರು, ಅಡುಗೆಮನೆಯ ಬಾಗಿಲಿನತ್ತ ಕಣ್ಣು ಹಾಯಿಸಿದರು. ಆದರೆ ಹೆಚ್ಚು ನೋಡಿದ್ದು ಕಟ್ಟೆಯನ್ನೇ. ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು, ಜನ ಒತ್ತಿ ನಿಂತಿದ್ದರು. ಅಣ್ಣ ಲೋಟಗಳನ್ನು ಚೌಕಕ್ಕೊಂದರಂತೆ ಇಟ್ಟು, ದೂರದ್ದಕ್ಕೆ ಮೊದಲು, ಹತ್ತಿರದ್ದಕ್ಕೆ ಆಮೇಲೆ ಸುರಿಯುತ್ತಿದ್ದ, ತೋಳು ಯಾವ ಲೋಟಕ್ಕೂ ತಾಗದ ಹಾಗೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವನಾಗಿಯೇ ಕಂಡುಕೊಂಡದ್ದು.

ಕೊಟ್ಟ ಮಾತು ಮಾತೇ ಎಂದು ಅಣ್ಣ ಹೋಟೆಲು ಒಪ್ಪಿಸಿಬಿಟ್ಟರೆ? ನಿನ್ನೆಯಿಂದ ಅವನು ಆ ವಿಷಯ ಎತ್ತಿರಲಿಲ್ಲ, ಕೇಳಲು ನಮಗೂ ಬಾಯಿ ಬಂದಿರಲಿಲ್ಲ.

ಜನ ಕರಗಿದ ಮೇಲೆ ಆ ಮನುಷ್ಯ ಎದ್ದು ಕಟ್ಟೆಯ ಹತ್ತಿರ ಬಂದರು. ತಾನು ಯಾರೆಂದು ಹೇಳಿ, ದನಿ ತಗ್ಗಿಸಿದರು. "ಬೇಜಾರು ಮಾಡ್ಕೊಳ್ಬೇಡಿ, ಒಂದು ಕೇಳ್ತೇನೆ. 'ಯಜಮಾನರ ಕಣ್ಣು ಹೋಗಿದೆ, ಕಾಫಿ ಹಾಕ್ಲಿಕ್ಕೆ ಆಗುದಿಲ್ಲ' ಅಂತ ದಲ್ಲಾಳಿ ಹೇಳಿದ್ರು. ಯಜಮಾನರು ಒಳಗೆ ಇದ್ದಾರಾ? ನೀವು ಅವರ ತಮ್ಮನಾ?"

ಅತ್ತಿಗೆ ಗಲ್ಲಾದ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣ ಬಟ್ಟೆಯಿಂದ ಕೈ ಒರೆಸಿಕೊಂಡ.

"ನಾನೇ ಯಜಮಾನ," ಎಂದ. "ಕೂತ್ಕೊಳ್ಳಿ, ಕಾಫಿ ಕೊಡ್ತೇನೆ. ಕಾಫಿ ಮಾತ್ರ."